ಸಾಲಿನ ತುದಿಯ ಕಾಗದದ ಹುಡುಗಿ

ಸುರಪುರದ ಬಜಾರಿನಿಂದ ರಂಗಂಪೇಟೆಗೆ ಹೋಗುವ ದಾರಿಯಲ್ಲಿ ನೀಲಕಂಠನ ನೋಟ್‌ಬುಕ್ಕು, ಪೆನ್ನು, ಬಣ್ಣದ ಕಾಗದದ ಅಂಗಡಿ. ಅಂಗಡಿಯ ಬೆನ್ನಿಗೇ ಮನೆ. ಆ ಮನೆಯ ಪಡಸಾಲೆಯಲ್ಲಿ ಭಾನುವಾರ ಬೆಳಗ್ಗೆ ಏಳುವ ಗದ್ದಲಕ್ಕೆ ಗುಲಗಂಜಿ ಮಕ್ಕಳ ಬಳಗ ಎಂದು ಹೆಸರು. ನೀಲಕಂಠನ ಹೆಂಡತಿ ಭುವನೇಶ್ವರಿ ಅದನ್ನು ಶುರುಮಾಡಿ ಮೂರು ವರ್ಷವಾಗಿತ್ತು. ಹಾಡು, ಆಟ, ಕಥೆ, ವರ್ಷಕ್ಕೊಂದು ಪ್ರವಾಸ, ಇಷ್ಟೇ. ಬೋರ್ಡಿಲ್ಲ, ಅಧ್ಯಕ್ಷರಿಲ್ಲ, ಸನ್ಮಾನ ಸಮಾರಂಭವಿಲ್ಲ. ಅದಕ್ಕೇ ಇನ್ನೂ ನಡೆದಿದೆ ಎಂದು ನೀಲಕಂಠ ಹೇಳುತ್ತಿದ್ದ.

ಭುವನೇಶ್ವರಿ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಅವಳು ಮಾಡಿದಂಥ ತಪ್ಪನ್ನು ಕೆಟ್ಟವರು ಮಾಡುವುದಿಲ್ಲ, ಅವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಅವಳಿಗೆ ತನ್ನ ಸೂಕ್ಷ್ಮದ ಮೇಲೆ ಬಹಳ ಅಭಿಮಾನ. ಯಾವ ಮನೆಯಲ್ಲಿ ಯಾವ ವಾರ ಒಪ್ಪೊತ್ತು, ಯಾವ ಹುಡುಗನ ಮುಂದೆ ಅವನ ಅಪ್ಪನ ಮಾತೆತ್ತಬಾರದು, ರಮಜಾನಿನಲ್ಲಿ ಯಾವ ಮಕ್ಕಳು ರೋಜಾ ಇರುತ್ತಾರೆ, ಎಲ್ಲ ಅವಳಿಗೆ ಬಾಯಿಪಾಠ. ಆ ತಿಂಗಳು ಪಡಸಾಲೆಯಲ್ಲಿ ಚುರುಮುರಿ ಡಬ್ಬಿಯ ಮುಚ್ಚಳ ತೆಗೆಯುತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳುವುದು ಒರಟು, ನೋಡಿ ತಿಳಿದುಕೊಳ್ಳುವುದು ನಯ ಎಂಬುದು ಅವಳ ನಂಬಿಕೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಕಣ್ಣು ಮಂಜಾದವರಿಗೆ ಇರಬೇಕೆಂದುಕೊಂಡಿದ್ದಳು.

ಮೂರು ವರ್ಷದ ಫೋಟೋಗಳೆಲ್ಲ ಅವಳ ಮೊಬೈಲಿನಲ್ಲಿ ಕೊಳೆಯುತ್ತಿದ್ದವು. ಈ ಸಲ ಬೇಸಿಗೆ ರಜೆ ಬಂದಾಗ ಅವನ್ನು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಮಕ್ಕಳ ಕೈಯಿಂದಲೇ ಬಳಗದ ನೆನಪಿನ ಪುಸ್ತಕ ಮಾಡಿಸಲು ಹೊರಟಳು. ಅಂಗಡಿಯವರ ಮನೆಯಲ್ಲಿ ಕಾಗದಕ್ಕೇನು ಬರ? ದಪ್ಪ ಡ್ರಾಯಿಂಗ್ ಶೀಟುಗಳು ಪುಟಗಳಾದವು. ನೋಟ್‌ಬುಕ್ಕಿಗೆ ಹೊದಿಸುವ ಖಾಕಿ ಕಾಗದ ಅಂಚಾಯಿತು. ಹಬ್ಬಕ್ಕೆ ತರಿಸಿ ಉಳಿದಿದ್ದ ಬೆಗಡಿ ಕಾಗದ ಚಿಟ್ಟೆಯಾಗಿ, ಚಿಕ್ಕೆಯಾಗಿ ಮಿಂಚಿತು. ಒಬ್ಬರು ಮಡಿಸಿ ಮಡಿಸಿ ಬೀಸಣಿಗೆ ಮಾಡಿದರೆ ಇನ್ನೊಬ್ಬರು ಪುಟ ತೆರೆದೊಡನೆ ಎದ್ದು ನಿಲ್ಲುವ ಮನೆ ಮಾಡಿದರು. ಪುಟ್ಟ ಮಕ್ಕಳು ಚೀಟಿ ಇಡುವ ಕಿಸೆ ಅಂಟಿಸಿದರು. ಅಂಟು ಮಾತ್ರ ಮನೆಯದು. ಮೈದಾ ಹಿಟ್ಟು ಕುದಿಸಿ ಭುವನೇಶ್ವರಿ ಬೋಗುಣಿ ತುಂಬ ಮಾಡಿಡುತ್ತಿದ್ದಳು, ನೀಲಕಂಠ ಪಾಯಸವಿರಬೇಕೆಂದು ಮುಚ್ಚಳ ತೆಗೆದು ನೋಡಿ ನಿರಾಶನಾಗುತ್ತಿದ್ದ.

ಗುಂಪಿನ ಫೋಟೋಗಳಿಗೆ ದೊಡ್ಡ ಪುಟಗಳು. ಉಳಿದಂತೆ ತಲೆಗೊಂದು ಪುಟ. ಅದರಲ್ಲಿ ಅವರವರ ಫೋಟೋ, ಅವರವರ ಕುಸುರಿ. ಶಾಲೆ ತೆರೆಯುವುದರೊಳಗೆ ಪುಸ್ತಕ ಮುಗಿಯಲೇಬೇಕಿತ್ತು. ಆಮೇಲೆ ಸಬಾ ಊರಲ್ಲಿರುತ್ತಿರಲಿಲ್ಲ.

ಸಬಾ ರಂಗಂಪೇಟೆಯ ಬಳೆಗಾರ್ತಿ ಜೈತುನಬೀಯ ಮೊಮ್ಮಗಳು. ಅಪ್ಪ ಅವ್ವ ಯಾದಗಿರಿಯ ಹತ್ತಿ ಮಿಲ್ಲಿನಲ್ಲಿ ದುಡಿಯುತ್ತಿದ್ದರು, ಹುಡುಗಿ ಅಜ್ಜಿಯ ಹತ್ತಿರ ಬೆಳೆದಳು. ಏಳನೆಯ ತರಗತಿ ಮುಗಿದಿತ್ತು, ಹೈಸ್ಕೂಲಿಗೆ ಯಾದಗಿರಿಗೇ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಬಳಗ ಶುರುವಾದಂದಿನಿಂದ ಅವಳು ಭಾನುವಾರ ತಪ್ಪಿಸಿದವಳಲ್ಲ. ಮಾತು ಕಡಿಮೆ. ಕತ್ತರಿ ಹಿಡಿದರೆ ಮಾತ್ರ ಕಾಗದ ಅವಳು ಹೇಳಿದಂತೆ ಕೇಳುತ್ತಿತ್ತು.

ಅಂಥ ಹುಡುಗಿಯ ಒಂದು ಫೋಟೋ ಕೂಡ ಬಳಗದಲ್ಲಿರಲಿಲ್ಲ. ಅದಕ್ಕೊಂದು ಕಾರಣವಿದೆ ಎಂದು ಭುವನೇಶ್ವರಿ ನಂಬಿದ್ದಳು.

ಬಳಗದ ಮೊದಲ ತಿಂಗಳಲ್ಲಿ ಅವಳು ಮಕ್ಕಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಮೊದಲ ಫೋಟೋ ತೆಗೆಯಲು ಮೊಬೈಲು ಎತ್ತಿದ್ದಳು. ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ಜೈತುನಬೀ ಅದನ್ನು ಕಂಡದ್ದೇ ತಡ, ಬಳೆಯ ಗಂಟು ಕಟ್ಟೆಯ ಮೇಲಿಟ್ಟು ಸರಸರ ಬಂದು, ತಲೆತುಂಬ ದುಪಟ್ಟಾ ಹೊದ್ದಿದ್ದ ಸಬಾಳ ಕೈ ಹಿಡಿದು ಸಾಲಿನಿಂದ ಆಚೆ ಎಳೆದುಕೊಂಡಳು. “ಈ ಪೋರಿದು ಬ್ಯಾಡ್ರಿ ಅಕ್ಕೋರ,” ಎಂದಷ್ಟೇ ಹೇಳಿ ನಡೆದಳು. ಭುವನೇಶ್ವರಿಗೆ ಅಷ್ಟು ಸಾಕಾಯಿತು. ಆ ಮನೆಯಲ್ಲಿ ಹೆಣ್ಣುಮಕ್ಕಳ ಫೋಟೋ ತೆಗೆಸುವುದಿಲ್ಲ ಎಂದು ತಾನೇ ತಿಳಿದುಕೊಂಡಳು. ಬಳಗದ ಇನ್ನೊಬ್ಬ ಹುಡುಗಿ ಹಬೀಬಾಳ ಮನೆಯವರು ಹಾಗೇನೂ ಅನ್ನಲಿಲ್ಲವಲ್ಲ, ಒಂದು ಮಾತು ಕೇಳಬಾರದೇ ಎಂದು ನೀಲಕಂಠ ಅಂದದ್ದಕ್ಕೆ, ಒಂದೊಂದು ಮನೆಯದು ಒಂದೊಂದು ಕಟ್ಟು, ಕೇಳಿ ಅವರಿಗೆ ಮುಜುಗರ ಮಾಡುವುದೇಕೆ ಎಂದು ಗಂಡನ ಬಾಯಿ ಮುಚ್ಚಿಸಿದಳು.

ಅಂದಿನಿಂದ ಫೋಟೋದ ಹೊತ್ತು ಬಂದಾಗಲೆಲ್ಲ ಮೊಬೈಲು ಸಬಾಳ ಕೈಗೆ. ನಿನ್ನ ಕೈ ನಡುಗುವುದಿಲ್ಲ, ನೀನೇ ತೆಗಿ ಎಂದು ಬೆನ್ನು ತಟ್ಟುವುದು. ಹುಡುಗಿಗೆ ಬೇಜಾರಾಗಬಾರದು, ಮನೆಯವರ ಮಾತೂ ಮೀರಬಾರದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಶಹಾಪುರದ ಬೆಟ್ಟದ ಎದುರಿಗೆ, ವನದುರ್ಗದ ಕೋಟೆಯ ಬಾಗಿಲಲ್ಲಿ, ಪಡಸಾಲೆಯ ಹುಟ್ಟುಹಬ್ಬಗಳಲ್ಲಿ, ಎಲ್ಲ ಕಡೆ ಸಬಾ ಮೊಬೈಲಿನ ಈಚೆ, ಉಳಿದವರು ಆಚೆ. ಪಂಚಮಿ ಬಂತೆಂದರೆ ಇದೇ ಜೈತುನಬೀ ಭುವನೇಶ್ವರಿಯ ಮುಂದೆ ಕೂತು, ಅಂಗೈ ಅಮುಕಿ ಅಮುಕಿ ಹಸಿರು ಬಳೆ ಏರಿಸುತ್ತಿದ್ದಳು. ಊರ ಸುದ್ದಿಯೆಲ್ಲ ಆ ಹೊತ್ತಿನಲ್ಲಿ ಬಂದು ಹೋಗುತ್ತಿತ್ತು. ಇದೊಂದು ಮಾತು ಮಾತ್ರ ಇಬ್ಬರೂ ಎತ್ತಲಿಲ್ಲ.

ಪ್ರಿಂಟುಗಳು ಬಂದ ಭಾನುವಾರ ಮಕ್ಕಳು ಅವುಗಳ ಮೇಲೆ ಬಿದ್ದರು. ತಮ್ಮ ತಮ್ಮ ಮುಖ ಹುಡುಕಿ ಗುಡ್ಡೆ ಹಾಕಿಕೊಂಡರು. ಬಸವಲಿಂಗ ಎಂಬ ಗಟ್ಟಿ ಬಾಯಿಯ ಹುಡುಗ ತನ್ನ ಗುಡ್ಡೆಯೇ ದೊಡ್ಡದೆಂದು ಊರಿಗೆ ಕೇಳುವಂತೆ ಹೇಳಿದ. ಸಬಾ ಕೂಡ ಹುಡುಕಿದಳು. ಮೊದಲು ಬೇಗ ಬೇಗ, ಆಮೇಲೆ ಒಂದೊಂದನ್ನೇ ಬೆಳಕಿಗೆ ಹಿಡಿದು, ಮೂಲೆಯಲ್ಲಿ, ಹಿಂದಿನ ಸಾಲಿನಲ್ಲಿ, ಯಾರದಾದರೂ ಭುಜದ ಪಕ್ಕದಲ್ಲಿ. ಕೊನೆಗೆ ಎಲ್ಲವನ್ನೂ ಅಂಚು ಸರಿಮಾಡಿ ಕೆಳಗಿಟ್ಟಳು.

ಭುವನೇಶ್ವರಿ ಇದಕ್ಕೂ ಮೊದಲೇ ಸಿದ್ಧಳಾಗಿದ್ದಳು. ಬೆಗಡಿಯಲ್ಲಿ ಎಲ್ಲಕ್ಕಿಂತ ಚೆಂದದ್ದನ್ನು ಸಬಾಳಿಗೆಂದೇ ಎತ್ತಿಟ್ಟಿದ್ದಳು. ಗುಲಾಬಿ, ಮಲ್ಲಿಗೆ, ಬಳ್ಳಿ ಏನು ಬೇಕಾದರೂ ಮಾಡು, ನಿನ್ನ ಪುಟ ಹೂವಿನ ಪುಟ, ಎಲ್ಲರದಕ್ಕಿಂತ ಅದೇ ಮೇಲಾಗುತ್ತದೆ ಎಂದಳು. ಸಬಾ ತಲೆಯಾಡಿಸಿ ಹೂವು ಕತ್ತರಿಸಿದಳು. ಹೂವೇನೋ ಚೆನ್ನಾಗಿಯೇ ಆದವು. ಪಕ್ಕದಲ್ಲಿ ಕೂತಿದ್ದ ಗುಡ್ಡಿ ಎಂಬ ಪುಟ್ಟ ಹುಡುಗಿ ಮಾತ್ರ, ಈ ಪುಟದಲ್ಲಿ ಯಾರೂ ಇಲ್ಲವಲ್ಲ ಎಂದು ಕೇಳಿದಳು.

ಮುಂದಿನ ವಾರ ಮಕ್ಕಳೆಲ್ಲ ಹೋದ ಮೇಲೆ ಭುವನೇಶ್ವರಿ ಒಣಗಲು ಹರವಿದ್ದ ಪುಟಗಳನ್ನು ಎತ್ತಿಡುತ್ತಿದ್ದಳು. ವನದುರ್ಗದ ಪುಟದ ಹತ್ತಿರ ಕೈ ನಿಂತಿತು. ಕೋಟೆಯ ಬಾಗಿಲಲ್ಲಿ ಮಕ್ಕಳು ನಿಂತ ಫೋಟೋ. ಸಾಲಿನ ತುದಿಯಲ್ಲಿ, ಹಬೀಬಾಳ ಪಕ್ಕದಲ್ಲಿ, ಹೊಸದಾಗಿ ಒಂದು ಹುಡುಗಿ ನಿಂತಿದ್ದಳು. ಖಾಕಿ ಕಾಗದದಲ್ಲಿ ಕತ್ತರಿಸಿದ ಬೊಂಬೆ, ಇನ್ನೂ ಬಣ್ಣ ಬಳಿದಿರಲಿಲ್ಲ. ಉಳಿದವರ ಎತ್ತರಕ್ಕೆ ಅಳತೆ ಸರಿಯಾಗಿ, ಒಂದು ಕೈ ಹಬೀಬಾಳ ಕೈಗೆ ತಾಗುವಂತೆ ಅಂಟಿಸಲಾಗಿತ್ತು.

ಯಾರ ಕೆಲಸವೆಂದು ಕೇಳುವ ಅಗತ್ಯವಿರಲಿಲ್ಲ. ಪುಸ್ತಕ ಮುಗಿದ ಮೇಲೆ ಎಲ್ಲ ಮನೆಯವರಿಗೂ ತೋರಿಸುವುದಿತ್ತು. ಜೈತುನಬೀ ಇದನ್ನು ನೋಡಿದರೆ? ಅವರು ಬೇಡವೆಂದದ್ದನ್ನು ಕದ್ದು ಮಾಡಿಸಿದಂತಾಗುವುದಿಲ್ಲವೇ, ಹೋಗುವ ಕಾಲಕ್ಕೆ ಹುಡುಗಿಗೆ ಬೈಗುಳ ಬೀಳುವುದಿಲ್ಲವೇ? ಅಂಟು ಇನ್ನೂ ಹಸಿಯಾಗಿತ್ತು. ಫೋಟೋಗೆ ಒಂದು ಗೀರೂ ಬೀಳದಂತೆ ಉಗುರಿನಿಂದ ಬೊಂಬೆಯನ್ನು ಎಬ್ಬಿಸಿ ತೆಗೆದಳು, ಒದ್ದೆ ಬಟ್ಟೆಯಲ್ಲಿ ಜಾಗ ಒರೆಸಿದಳು. ತುಣುಕು ಕಾಗದಗಳ ಜೊತೆ ಅದೂ ಮರುದಿನ ನೀರಿನ ಒಲೆಗೆ ಹೋಯಿತು. ಯಾರಿಗೂ ನೋವಾಗದಂತೆ ಕೆಲಸ ಮುಗಿಸಿದೆನೆಂಬ ಸಮಾಧಾನದಲ್ಲಿ ಅವಳು ಊಟಕ್ಕೆ ಕೂತಳು. ಗಣಪನ ಮಾಡಲು ಹೋಗಿ ಅವರಪ್ಪನ ಮಾಡಿದೆ ಎಂದು ಅವಳಿಗೆ ಹೇಳುವವರು ಆಗ ಯಾರೂ ಇರಲಿಲ್ಲ.

ಮುಂದಿನ ಭಾನುವಾರ ಸಬಾ ಬಣ್ಣದ ಡಬ್ಬಿ ಹಿಡಿದುಕೊಂಡೇ ಬಂದಳು. ನೇರ ವನದುರ್ಗದ ಪುಟ ತೆಗೆದಳು. ಸಾಲಿನ ತುದಿಯನ್ನು ಬೆರಳಿನಿಂದ ಸವರಿ ನೋಡಿದಳು, ಪುಟ ತಿರುವಿ ಹಿಂದೆ ಬಿದ್ದಿದೆಯೇನೋ ಎಂದೂ ನೋಡಿದಳು. ಆಮೇಲೆ ತಲೆಯೆತ್ತಿ ಭುವನೇಶ್ವರಿಯ ಕಡೆ ನೋಡಿದಳು. ಭುವನೇಶ್ವರಿ ಕಣ್ಣಲ್ಲೇ ಸಮಾಧಾನ ಹೇಳಿದಳು, ಎಲ್ಲ ಗೊತ್ತು, ನಾನು ಸರಿಮಾಡಿದ್ದೇನೆ ಎಂಬಂತೆ. ಸಬಾ ಬಣ್ಣದ ಡಬ್ಬಿಯ ಮುಚ್ಚಳ ಹಾಕಿ, ಕತ್ತರಿಯನ್ನು ಅದರ ಜಾಗದಲ್ಲಿಟ್ಟು, ಅಜ್ಜಿಗೆ ಕೆಲಸವಿದೆ ಎಂದು ಹೇಳಿ ಹೋದಳು. ಅದರ ಮರು ಭಾನುವಾರ ಬರಲಿಲ್ಲ, ಅದರಾಚೆಯದಕ್ಕೂ ಬರಲಿಲ್ಲ.

ಶಾಲೆ ತೆರೆಯುವ ದಿನ ಹತ್ತಿರ ಬಂತು. ಜೈತುನಬೀಗೆ ಬೊಂಬೆಯ ಸುದ್ದಿ ಹೇಗೋ ಮುಟ್ಟಿರಬೇಕು, ಅವಳೇ ಹುಡುಗಿಯನ್ನು ತಡೆದಿರಬೇಕು ಎಂದು ಭುವನೇಶ್ವರಿ ತಳಮಳಿಸಿದಳು. ನೀಲಕಂಠ ಒಂದೆರಡು ದಿನ ನೋಡಿದ. ಕೊನೆಗೆ, ಹತ್ತು ಹೆಜ್ಜೆ ದೂರದ ಮನೆಗೆ ಹೋಗಿ ಬಾಯಿಬಿಟ್ಟು ಕೇಳಿದರೆ ಮುತ್ತೇನೂ ಉದುರುವುದಿಲ್ಲ ಎಂದ. ಸಿಟ್ಟು ಬಂತಾದರೂ ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಜೈತುನಬೀಯ ಮನೆಯ ಬಾಗಿಲಿಗೆ ಅವಳು ಎಷ್ಟೋ ಸಲ ಬಂದಿದ್ದಳು, ಹೊಸ್ತಿಲು ದಾಟಿರಲಿಲ್ಲ. ಒಳಗೆ ಬನ್ನಿ ಎಂದರೆ, ಇಲ್ಲೇ ಇರಲಿ ಬಿಡಿ, ನಿಮಗೆ ಯಾಕೆ ತೊಂದರೆ ಎನ್ನುವುದು ಅವಳ ಇನ್ನೊಂದು ನಯ. ಇವತ್ತು ಜೈತುನಬೀ ಒಳಗೆ ಬನ್ನಿ ಎಂದು ಎರಡನೆಯ ಸಲ ಹೇಳಲಿಲ್ಲ, ಬಾಗಿಲು ತೆರೆದಿಟ್ಟು ಸುಮ್ಮನೆ ಒಳಗೆ ನಡೆದಳು. ಭುವನೇಶ್ವರಿ ಹಿಂದೆಯೇ ಹೋದಳು.

ಎದುರಿನ ಗೋಡೆಯ ತುಂಬ ಫೋಟೋಗಳು.

ಅಲ್ಲಿ ಜೈತುನಬೀಯ ಗಂಡ ಸುಲ್ತಾನಸಾಬ ಟೋಪಿ ಹಾಕಿಕೊಂಡು, ಚಾರ್‌ಮಿನಾರಿನ ಪರದೆಯ ಮುಂದೆ ಕುರ್ಚಿಯಲ್ಲಿ ಕೂತಿದ್ದ. ಮದುವೆಯ ಫೋಟೋಗಳು, ಅತ್ತೆಯಂದಿರು, ಸೊಸೆಯಂದಿರು. ಮತ್ತೆ ಸಬಾ. ಸ್ಟುಡಿಯೋದ ಕಾಗದದ ಚಂದ್ರನ ಮೇಲೆ ಕೂತ ಕೂಸು ಸಬಾ, ಕಪ್ಪು ಕನ್ನಡಕ ಹಾಕಿದ ಸಬಾ, ಸ್ಕೂಟರಿನ ಮೇಲೆ ಸಬಾ, ಮೇಕೆಯ ಕೊರಳು ತಬ್ಬಿಕೊಂಡ ಸಬಾ. ಭುವನೇಶ್ವರಿ ನಿಂತಲ್ಲೇ ನಿಂತಳು. ಮೂರು ವರ್ಷ ಈ ಗೋಡೆ ಇಲ್ಲೇ ಇತ್ತು.

ಜೈತುನಬೀ ನೀರು ತಂದುಕೊಟ್ಟಳು. ಚಾಪೆ ಹಾಸಿ ತಾನೂ ಕೂತಳು. ಸೆರಗಿನ ಅಂಚು ಮಡಿಸುತ್ತ ಮೆಲ್ಲಗೆ ಬಾಯಿಬಿಟ್ಟಳು.

“ಒಂದು ಮಾತು ಕೇಳ್ತೀನ್ರಿ ಅಕ್ಕೋರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಬಳಗ, ನಿಮ್ಮ ಫೋಟೋ, ನಾವು ಕೇಳಿದ್ರ ಚಂದ ಕಾಣಂಗಿಲ್ಲ ಅಂತ ಇಷ್ಟು ದಿನ ಸುಮ್ಮನಿದ್ದೆ. ನಮ್ಮ ಪೋರಿ ಒಂದು ಮೂಲ್ಯಾಗ ನಿಂತ್ರ ನಿಮ್ಮ ಫೋಟೋಕ್ಕ ಏನ್ ಕಡಿಮಿ ಆಗ್ತಿತ್ರಿ? ಖರೇ ಪೋರಿನಂತೂ ಇಡಲಿಲ್ಲ. ಕಾಗದದ್ದು ಮಾಡಿ ಹಚ್ಚಿದ್ರ ಅದನ್ನೂ ಕಿತ್ತೀರಂತ.”

“ನೀವ ಬ್ಯಾಡ ಅಂದಿದ್ರಲ್ರಿ ಅಮ್ಮಾ,” ಎಂದಳು ಭುವನೇಶ್ವರಿ.

ಜೈತುನಬೀಗೆ ಏನೂ ನೆನಪಿಗೆ ಬರಲಿಲ್ಲ. ಭುವನೇಶ್ವರಿ ಆ ದಿನವನ್ನು ಬಿಡಿಸಿ ಹೇಳಿದಳು: ಅಂಗಳ, ಮಕ್ಕಳ ಸಾಲು, ಕಟ್ಟೆಯ ಮೇಲಿಟ್ಟ ಬಳೆಯ ಗಂಟು. ಮುದುಕಿ ಹಣೆ ಗಂಟಿಕ್ಕಿ ಕೇಳುತ್ತಿದ್ದಳು, ದುಪಟ್ಟಾದ ಮಾತು ಬಂದಾಗ ಕೈಯನ್ನು ಹಣೆಗೆ ಹಚ್ಚಿಕೊಂಡಳು.

“ಯಾ ಅಲ್ಲಾ. ಆಗ ಅಕಿಗಿ ಟೈಫೈಡ್ ಆಗಿತ್ರಿ. ಕೂದಲಾ ಉದುರಿ ತಲಿ ಬೋಳಿಸಿದ್ವಿ. ದುಪಟ್ಟಾ ಜಾರಿದ್ರ ಬೋಳು ತಲಿ ಫೋಟೋದಾಗ ಕುಂದರ್ತದ, ಮುಂದ ನಿಕಾಹದಾಗ ಯಾರರ ತೋರಿಸಿ ನಗ್ತಾರ ಅಂತ ಎಳಕೊಂಡು ಹೋದೆ. ಅದು ಅವತ್ತಿನ ಒಂದು ದಿನದ ಮಾತ್ರಿ.”

ನಗುವಂಥ ಮಾತೇ. ಬೇರೆ ಯಾರಾದರೂ ಆಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆದರೆ ಅಡಿಗೆಮನೆಯ ಬಾಗಿಲಲ್ಲಿ ಸಬಾ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಅವಳನ್ನು ಕಂಡು ಭುವನೇಶ್ವರಿಗೆ ಅಲ್ಲಿಯವರೆಗೆ ಹೊಳೆಯದೇ ಇದ್ದದ್ದು ಹೊಳೆಯಿತು. ದೊಡ್ಡವರಿಬ್ಬರೂ ತಮ್ಮ ತಮ್ಮ ಮರ್ಯಾದೆ ಕಾಯ್ದುಕೊಂಡು ಕೂತಿದ್ದಾಗ ಈ ಮಗು ಏನೆಂದುಕೊಂಡಿತ್ತು? ಅದನ್ನೂ ಅವಳು ಯಾವತ್ತೂ ಕೇಳಿರಲಿಲ್ಲ. ಈಗ ಕೇಳಿದಳು.

ಸಬಾ ಬಾಗಿಲ ಚೌಕಟ್ಟನ್ನು ಕೆರೆಯುತ್ತ ಹೇಳಿದಳು. “ನನ್ನ ಮಾರಿ ಫೋಟೋದಾಗ ಚಲೋ ಬರಂಗಿಲ್ಲ, ಅದಕ್ಕ ನನ್ನ ಕೈಯಾಗ ಮೊಬೈಲ್ ಕೊಡ್ತೀರಿ ಅನಕೊಂಡಿದ್ದೆ.”

ಭುವನೇಶ್ವರಿಗೆ ಅಳು ಬಂತು. ತಡೆದುಕೊಳ್ಳಲು ಹೋಗಲಿಲ್ಲ. ತಪ್ಪಾಯಿತವ್ವ ಎಂದಳು, ಹುಡುಗಿಯನ್ನು ಎದೆಗೊತ್ತಿಕೊಂಡಳು. ಜೈತುನಬೀ ತಾನೂ ಕಣ್ಣೊರೆಸಿಕೊಳ್ಳುತ್ತ, ಒಂದು ಮಾತು ನಾನಾದರೂ ಕೇಳಬಹುದಿತ್ತಲ್ಲ ಎಂದು ತನ್ನನ್ನೇ ಬೈದುಕೊಂಡಳು. ನಾಳೆಯೇ ಜೀಪು ಮಾಡಿಕೊಂಡು ಎಲ್ಲರೂ ವನದುರ್ಗಕ್ಕೆ ಹೋಗೋಣ, ಅದೇ ಬಾಗಿಲಲ್ಲಿ ನಿನ್ನನ್ನು ನಡುವೆ ನಿಲ್ಲಿಸಿ ಹೊಸ ಫೋಟೋ ತೆಗೆಯೋಣ ಎಂದು ಭುವನೇಶ್ವರಿ ಆತುರಪಟ್ಟಳು. ಸಬಾ ಬೇಡವೆಂದಳು.

“ಹೊಸದು ತೆಗೆದ್ರ ಅದು ಈಗಿಂದಾಗ್ತದ ಅಕ್ಕಾ. ನಾ ಅವತ್ತ ಅಲ್ಲೇ ಇದ್ದೆ.”

ಹಾಗಾದರೆ ಹೇಗೆ ಮಾಡೋಣ, ನೀನೇ ಹೇಳು ಎಂದಳು ಭುವನೇಶ್ವರಿ. ಸಬಾ ಹೇಳಿದಳು.

ಆ ಭಾನುವಾರ ಭುವನೇಶ್ವರಿ ಮಕ್ಕಳ ಮುಂದೆ ಏನನ್ನೂ ಮುಚ್ಚಿಡಲಿಲ್ಲ. ತಾನು ಏನು ತಿಳಿದುಕೊಂಡಿದ್ದೆ, ಏನು ಮಾಡಿದೆ, ಎಲ್ಲ ಹೇಳಿದಳು. ಮಕ್ಕಳು ಅದನ್ನು ದೊಡ್ಡ ಸಂಗತಿ ಮಾಡಲಿಲ್ಲ. ಅವರಿಗೆ ಕೆಲಸದ ಅವಸರ. ಒಂದೊಂದು ಫೋಟೋವನ್ನು ಒಬ್ಬೊಬ್ಬರು ವಹಿಸಿಕೊಂಡು ಅದಕ್ಕೆ ಬೇಕಾದ ಸಬಾಳನ್ನು ಕತ್ತರಿಸತೊಡಗಿದರು. ಕೂಡಲೇ ಜಗಳ ಶುರುವಾಯಿತು. ಶಹಾಪುರದ ಬೆಟ್ಟದ ಹತ್ತಿರ ಅವಳ ಚಪ್ಪಲಿ ಕಿತ್ತು ಬರಿಗಾಲಲ್ಲಿ ನಡೆದಿದ್ದಳು, ಆದ್ದರಿಂದ ಬೊಂಬೆಗೆ ಚಪ್ಪಲಿ ಹಾಕಬಾರದೆಂದು ಬಸವಲಿಂಗ ಪಟ್ಟು ಹಿಡಿದ. ಕಿತ್ತದ್ದು ಒಂದೇ ಕಾಲಿನದು ಎಂದು ಹಬೀಬಾ ವಾದಿಸಿದಳು. ತನ್ನ ಹುಟ್ಟುಹಬ್ಬದ ದಿನ ಸಬಾಳ ಮೂಗಿಗೆ ಕೇಕು ಹತ್ತಿತ್ತು ಎಂದು ಗುಡ್ಡಿ ಬೊಂಬೆಯ ಮೂಗಿಗೆ ಬಿಳಿ ಬಣ್ಣ ಬಳಿದಳು. ಸಬಾ ಒಬ್ಬೊಬ್ಬರ ಹತ್ತಿರ ಹೋಗಿ ನೋಡುತ್ತ, ತಿದ್ದುತ್ತ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅವಳು ಅಷ್ಟು ನಕ್ಕದ್ದನ್ನು ಆ ಪಡಸಾಲೆ ಕಂಡಿರಲಿಲ್ಲ.

ವನದುರ್ಗದ ಪುಟ ಯಾರೂ ಎತ್ತಿಕೊಳ್ಳದೆ ಉಳಿದಿತ್ತು. ಸಬಾ ಅದನ್ನು ತಂದು ಭುವನೇಶ್ವರಿಯ ಮುಂದಿಟ್ಟಳು.

“ಇದನ್ನ ನೀವ ಮಾಡ್ರಿ ಅಕ್ಕಾ.”

ಭುವನೇಶ್ವರಿ ಅಂದು ಕತ್ತರಿ ಹಿಡಿದಷ್ಟು ಎಚ್ಚರದಿಂದ ಎಂದೂ ಹಿಡಿದಿರಲಿಲ್ಲ. ಇರುವುದರಲ್ಲೇ ಚೆಂದದ ಹಸಿರು ಕಾಗದ ಆರಿಸಿ ಉದ್ದನೆಯ ಕಮೀಜು ಕತ್ತರಿಸಿದಳು. ದುಪಟ್ಟಾಕ್ಕೆಂದು ಬೆಗಡಿಯ ಒಂದು ಚೂರು ಮಡಿಸಿಟ್ಟಳು. ಬೊಂಬೆಗೆ ಅದನ್ನು ತೊಡಿಸಬೇಕು ಎನ್ನುವಾಗ ಕೈ ತಡೆಯಿತು. ಸಬಾ ಅವತ್ತು ಇದನ್ನೇ ತೊಟ್ಟಿದ್ದಳೆಂದು ತನಗೆ ಹೇಳಿದವರು ಯಾರು? ಪ್ರವಾಸದ ದಿನವೆಲ್ಲ ಹುಡುಗಿ ತನ್ನ ಜೊತೆಗಿದ್ದಳು, ಒಂದೇ ಬುತ್ತಿಯಲ್ಲಿ ಉಂಡಿದ್ದರು. ಅವಳು ಏನು ತೊಟ್ಟಿದ್ದಳೆಂದು ಎಷ್ಟು ಯೋಚಿಸಿದರೂ ಕಣ್ಣಿಗೆ ಬರಲಿಲ್ಲ. ಎಲ್ಲ ಮಕ್ಕಳೂ ನೆನೆದು ನೆನೆದು ಬೊಂಬೆ ಮಾಡುತ್ತಿದ್ದಾರೆ, ತನಗೊಬ್ಬಳಿಗೇ ನೆನಪಿಲ್ಲ. ಅವಳಿಗೆ ನಾಚಿಕೆಯಾಯಿತು.

“ಸಬಾ, ಅವತ್ತ ನೀ ಯಾವ ಅಂಗಿ ಹಾಕ್ಕೊಂಡಿದ್ದೆವ್ವಾ?”

ಸಬಾ ಅಚ್ಚರಿಯಿಂದ ಅವಳ ಮುಖ ನೋಡಿ, ಫೋಟೋದ ಮೇಲೆ ಬೆರಳಿಟ್ಟಳು. “ಎಲ್ಲಾರೂ ಹಾಕ್ಕೊಂಡಿದ್ದ ಅಂಗಿನೇ ಅಕ್ಕಾ. ಹಳದಿ. ನೀವ ಹೊಲಿಸಿದ್ದು.”

ಭುವನೇಶ್ವರಿ ಫೋಟೋ ನೋಡಿದಳು. ಕೋಟೆಯ ಬಾಗಿಲಲ್ಲಿ ಆ ತುದಿಯಿಂದ ಈ ತುದಿಯವರೆಗೆ ಹಳದಿ ಅಂಗಿಗಳು. ಕೋಟೆಯೊಳಗೆ ಯಾವ ಮಗುವೂ ತಪ್ಪಿಹೋಗಬಾರದೆಂದು ಒಂದೇ ಥಾನಿನ ಬಟ್ಟೆ ತರಿಸಿ ಎಲ್ಲರಿಗೂ ಅಂಗಿ ಹೊಲಿಸಿದ್ದಳು. ಸಬಾಳ ಅಳತೆಯನ್ನು ಇದೇ ಪಡಸಾಲೆಯಲ್ಲಿ ತನ್ನ ಕೈಯಾರೆ ತೆಗೆದಿದ್ದಳು.

ಅವಳು ಹಸಿರು ಕಮೀಜನ್ನು ಪಕ್ಕಕ್ಕೆ ಸರಿಸಿದಳು. ಹಳದಿ ಕಾಗದ ಪಡಸಾಲೆಯಲ್ಲಿ ಮುಗಿದಿತ್ತು, ತರಲು ಅಂಗಡಿಗೆ ಎದ್ದಳು. ಸಬಾಳನ್ನೂ ಜೊತೆಗೆ ಕರೆದುಕೊಂಡಳು, ಯಾವ ಹಳದಿ ಎಂದು ಅವಳೇ ತೋರಿಸಲಿ ಎಂದು.